ಪದರ ಹಾಕಿ ಅಡ್ಡಕ್ಕೆ ಕೊಯ್ಯುವುದು: ಕಚ್ಚಾ ವಸ್ತುಗಳ ರಾಶಿಯಲ್ಲಿ ಮಿಶ್ರಣ ಆಗುವ ಬಗೆ

(ಬೆಂಗಳೂರಿನಲ್ಲಿ ಯಂತ್ರ ವಿನ್ಯಾಸಕರು, ಕಾರ್ಖಾನೆ ಎಂಜಿನಿಯರುಗಳು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸುಣ್ಣದಕಲ್ಲು ಕಲಬುರಗಿ, ಬಾಗಲಕೋಟೆ ಕಡೆ ಸಿಗುತ್ತದೆ, ಕಬ್ಬಿಣದ ಅದಿರು ಬಳ್ಳಾರಿ, ಚಿತ್ರದುರ್ಗದ ಕಡೆ. ಆದರೆ ಆ ಯಾರ್ಡ್‌ಗಳಲ್ಲಿ ಓಡಾಡುವ ಯಂತ್ರಗಳ ನಕ್ಷೆ ಬರೆಯುವವರು, ಡ್ರೈವ್ ಆರಿಸುವವರು, ಕಂಟ್ರೋಲ್ ಪ್ರೋಗ್ರಾಂ ಬರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸ್ಟಾಕರ್, ಅಂದರೆ ರಾಶಿ ಹಾಕುವ ಯಂತ್ರ, ಎಷ್ಟು ವೇಗವಾಗಿ ಹೋಗಬೇಕು, ಎಲ್ಲಿ ತಿರುಗಬೇಕು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡುವುದು ಇಂಥವರೇ. ಅದಕ್ಕೇ ಈ ವಿಷಯವನ್ನು ಇಲ್ಲಿ, ನಮ್ಮ ಭಾಷೆಯಲ್ಲಿ, ಲೆಕ್ಕ ಸಮೇತ ಮಾತಾಡಬೇಕು ಅನ್ನಿಸಿತು.

ಮೊದಲು, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ನೋಡೋಣ. ಸಿಮೆಂಟ್ ಕಿಲ್ನ್‌ಗೆ (ಸುಡುವ ಕುಲುಮೆಗೆ) ಹೋಗುವ ಪುಡಿಯಲ್ಲಿ ಸುಣ್ಣ ಎಷ್ಟು, ಉಳಿದ ಆಕ್ಸೈಡ್‌ಗಳು ಎಷ್ಟು ಅನ್ನುವುದನ್ನು ಎಲ್‌ಎಸ್‌ಎಫ್ (ಲೈಮ್ ಸ್ಯಾಚುರೇಶನ್ ಫ್ಯಾಕ್ಟರ್) ಎಂಬ ಅಂಕಿಯಿಂದ ಅಳೆಯುತ್ತಾರೆ. ಸಿಲಿಕಾವನ್ನು 2.8ರಿಂದ, ಅಲ್ಯೂಮಿನಾವನ್ನು 1.18ರಿಂದ, ಕಬ್ಬಿಣದ ಆಕ್ಸೈಡನ್ನು 0.65ರಿಂದ ಗುಣಿಸಿ ಕೂಡಿಸಿ, ಆ ಮೊತ್ತದಿಂದ ಸುಣ್ಣವನ್ನು ಭಾಗಿಸಿ ನೂರರಿಂದ ಗುಣಿಸಿದರೆ ಎಲ್‌ಎಸ್‌ಎಫ್ ಸಿಗುತ್ತದೆ. ಸಾಮಾನ್ಯವಾಗಿ ಇದನ್ನು 92ರಿಂದ 98ರ ಒಳಗೆ ಇಟ್ಟುಕೊಳ್ಳುತ್ತಾರೆ. ಈಗ ಪುಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಶೇ. 77 ಇದ್ದದ್ದು 78 ಆಯಿತು ಅನ್ನಿ. ಸುಣ್ಣ ಹೆಚ್ಚಾಗುವುದರ ಜೊತೆಗೆ ಭಾಜಕವೂ ಕಡಿಮೆಯಾಗುತ್ತದೆ. ಹೀಗಾಗಿ ಒಂದೇ ಒಂದು ಶೇಕಡಾ ಏರಿಕೆಗೆ ಎಲ್‌ಎಸ್‌ಎಫ್ 5ಕ್ಕೂ ಹೆಚ್ಚು ಅಂಕ ಮೇಲೆ ಹೋಗುತ್ತದೆ. ಕಿಲ್ನ್‌ನಿಂದ ಹೊರಬರುವ ಕ್ಲಿಂಕರ್ ಉಂಡೆಗಳಲ್ಲಿ ಬೇಯದ ಸುಣ್ಣ ಉಳಿಯುತ್ತದೆ, ಆಪರೇಟರ್ ಕಲ್ಲಿದ್ದಲು ಹೆಚ್ಚಿಸುತ್ತಾನೆ. ಮುಂದಿನ ಗಂಟೆ ಸುಣ್ಣ ಇಳಿಯಿತೆಂದರೆ ಅದೇ ಉರಿಗೆ ದ್ರವ ಜಾಸ್ತಿಯಾಗಿ ಕಿಲ್ನ್ ಒಳಗೆ ಉಂಗುರ ಕಟ್ಟಿಕೊಳ್ಳಲು ಶುರುವಾಗುತ್ತದೆ. ಕಿಲ್ನ್ ಕಡಿಮೆ ದರ್ಜೆಯ ಕಲ್ಲನ್ನಾದರೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಗಂಟೆಗೊಂದು ಥರ ಬರುವ ಕಲ್ಲನ್ನು ತಡೆದುಕೊಳ್ಳುವುದಿಲ್ಲ.

ಉಕ್ಕಿನ ಕಡೆಯೂ ಇದೇ ಕಥೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ 2022ರವರೆಗೆ ಅದಿರು ಇ-ಹರಾಜಿನಲ್ಲಿ ಮಾರಾಟವಾಗುತ್ತಿತ್ತು. ಹಾಗೆ ಕೊಂಡ ಅದಿರು ಹತ್ತಾರು ಗಣಿಗಳಿಂದ, ಬೇರೆ ಬೇರೆ ದರ್ಜೆಯ ಲಾಟ್‌ಗಳಾಗಿ ಕಾರ್ಖಾನೆಗೆ ಬರುತ್ತಿತ್ತು. ಒಂದು ಲಾಟ್‌ನಲ್ಲಿ ಅಲ್ಯೂಮಿನಾ ಜಾಸ್ತಿ, ಇನ್ನೊಂದರಲ್ಲಿ ಸಿಲಿಕಾ ಜಾಸ್ತಿ. ಇಂಥ ಪರಿಸ್ಥಿತಿಯಲ್ಲಿ ಮಿಶ್ರಣದ ಯಾರ್ಡ್ ಸರಿಯಿಲ್ಲದಿದ್ದರೆ ಸಿಂಟರ್ ಘಟಕದಲ್ಲಿ (ಅದಿರಿನ ಪುಡಿಯನ್ನು ಕಾಯಿಸಿ ಗಟ್ಟಿ ಮಾಡುವ ಕಡೆ) ಎಷ್ಟು ಸರಿಪಡಿಸಿದರೂ ಸಾಲದು.

ರಾಶಿಯಲ್ಲಿ ಮಿಶ್ರಣ ಮಾಡುವ ತತ್ವ ಸರಳ. ಉದ್ದಕ್ಕೆ ತೆಳು ಪದರಗಳಾಗಿ ಹಾಕಬೇಕು, ತೆಗೆಯುವಾಗ ಅಡ್ಡಕ್ಕೆ ಕೊಯ್ಯಬೇಕು. ಚಿರೋಟಿಯನ್ನು ಎಳೆ ಎಳೆಯಾಗಿ ಬಿಡಿಸಿ ತಿಂದರೆ ಒಂದೊಂದು ಸಲ ಒಂದೊಂದು ಪದರ ಬಾಯಿಗೆ ಬರುತ್ತದೆ, ಅಡ್ಡಕ್ಕೆ ಕಚ್ಚಿದರೆ ಎಲ್ಲ ಪದರವೂ ಒಟ್ಟಿಗೆ ಬರುತ್ತದೆ. ರಾಶಿ ಹಾಕುವ ಯಂತ್ರಕ್ಕೆ ಕೋಟಿಗಟ್ಟಲೆ ಖರ್ಚು ಮಾಡಿ, ಅದನ್ನು ಪಕ್ಕದಿಂದ ಲೋಡರ್‌ನಲ್ಲಿ ಎತ್ತಿಕೊಂಡು ಹೋಗುವ ಯಾರ್ಡ್‌ಗಳಿವೆ. ಅಲ್ಲಿ ನಡೆಯುವುದು ಬರೀ ಸಂಗ್ರಹ, ಮಿಶ್ರಣ ಅಲ್ಲ.

ರಾಶಿ ಹಾಕುವ ಪದ್ಧತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಶೆವ್ರಾನ್. ಸ್ಟಾಕರ್ ರಾಶಿಯ ನಡುಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಪ್ರತಿ ಓಟಕ್ಕೂ ಒಂದು ಪದರ, ಹಿಂದಿನ ಪದರದ ಎರಡೂ ಇಳಿಜಾರಿನ ಮೇಲೆ ಹೊದಿಕೆಯ ಹಾಗೆ ಬೀಳುತ್ತದೆ. ವಿಂಡ್ರೋ ಪದ್ಧತಿಯಲ್ಲಿ ಒಂದೇ ನಡುಗೆರೆಯ ಬದಲು ಪಕ್ಕಪಕ್ಕದಲ್ಲಿ ಹಲವು ಸಾಲು ಹಾಕಿ, ಅವುಗಳ ನಡುವಿನ ತಗ್ಗು ತುಂಬಿಸುತ್ತಾ ಮೇಲೇರುತ್ತಾರೆ. ಇದಕ್ಕೆ ಸ್ಟಾಕರ್‌ನ ಬೂಮ್ (ಕಲ್ಲು ಸುರಿಯುವ ಉದ್ದನೆಯ ತೋಳು) ಅಡ್ಡಕ್ಕೂ ತಿರುಗಬೇಕು, ಯಂತ್ರದ ಬೆಲೆ ಏರುತ್ತದೆ. ಆದರೆ ದಪ್ಪ ಕಲ್ಲು, ಪುಡಿ ಬೇರೆ ಬೇರೆಯಾಗುವ ಸಮಸ್ಯೆ ಬಹಳ ಕಡಿಮೆಯಾಗುತ್ತದೆ. ಶಂಕುವಿನ ಮೇಲೆ ಶಂಕು ಹಾಕುತ್ತಾ ಮುಂದೆ ಸರಿಯುವ ಕೋನ್ ಶೆಲ್ ಪದ್ಧತಿ ಅಗ್ಗ, ಯಂತ್ರದ ಓಡಾಟ ಕಡಿಮೆ. ಕಲ್ಲಿದ್ದಲಿನಂಥದ್ದನ್ನು ಬರೀ ಕೂಡಿಡಲು ಸಾಕು. ಮಿಶ್ರಣದ ಹೆಸರಲ್ಲಿ ಇದನ್ನು ಆರಿಸಬಾರದು.

ಈಗ ಒಂದು ಶೆವ್ರಾನ್ ರಾಶಿಯ ಲೆಕ್ಕ ಹಾಕೋಣ. ಬುಡದ ಅಗಲ 30 ಮೀಟರ್. ಸುಣ್ಣದಕಲ್ಲು ತಾನಾಗಿ ನಿಲ್ಲುವ ಇಳಿಜಾರು 37 ಡಿಗ್ರಿ ಎಂದಿಟ್ಟುಕೊಂಡರೆ ಎತ್ತರ ಸುಮಾರು 11.3 ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 170 ಚದರ ಮೀಟರ್. ಒಂದು ಘನ ಮೀಟರ್‌ಗೆ 1.5 ಟನ್ ಹಿಡಿದರೆ ರಾಶಿಯ ಪ್ರತಿ ಮೀಟರ್ ಉದ್ದದಲ್ಲಿ 255 ಟನ್. ಸ್ಟಾಕರ್ ಓಡಾಡುವ ಉದ್ದ 150 ಮೀಟರ್, ವೇಗ ನಿಮಿಷಕ್ಕೆ 20 ಮೀಟರ್, ಬೆಲ್ಟ್ ತರುವುದು ಗಂಟೆಗೆ 1,000 ಟನ್. ಒಂದು ಓಟಕ್ಕೆ ಏಳೂವರೆ ನಿಮಿಷ, ಬೀಳುವುದು 125 ಟನ್. ಅಂದರೆ ಮೀಟರ್‌ಗೆ 0.83 ಟನ್. 255ನ್ನು 0.83ರಿಂದ ಭಾಗಿಸಿದರೆ ಸುಮಾರು 300 ಪದರ.

ಎಲ್ಲರೂ ಇಲ್ಲಿಗೇ ನಿಂತುಬಿಡುತ್ತಾರೆ. 300ರ ವರ್ಗಮೂಲ 17, ಹಾಗಾಗಿ ಏರಿಳಿತ 17 ಪಟ್ಟು ಕಡಿಮೆಯಾಗುತ್ತದೆ ಎಂದು ಟೆಂಡರ್‌ನಲ್ಲಿ ಬರೆದುಬಿಡುತ್ತಾರೆ. ಈ ವರ್ಗಮೂಲದ ಸೂತ್ರಕ್ಕೆ ಒಂದು ಷರತ್ತಿದೆ. ಒಂದು ಪದರಕ್ಕೂ ಅದರ ಮುಂದಿನ ಪದರಕ್ಕೂ ಗುಣದಲ್ಲಿ ಏನೂ ಸಂಬಂಧ ಇರಬಾರದು. ಗಣಿಯಲ್ಲಿ ಹಾಗೆಲ್ಲಿ ನಡೆಯುತ್ತದೆ? ಒಂದೇ ಮುಖದಿಂದ ಡಂಪರ್‌ಗಳು ಅರ್ಧ ದಿನ ಕಲ್ಲು ತರುತ್ತಿರುತ್ತವೆ. ಏಳೂವರೆ ನಿಮಿಷದ ಹಿಂದೆ ಬಂದ ಕಲ್ಲಿಗೂ ಈಗ ಬರುತ್ತಿರುವ ಕಲ್ಲಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಪಕ್ಕಪಕ್ಕದ ಪದರಗಳ ಸಹಸಂಬಂಧ, ಅಂದರೆ ಅವು ಒಂದನ್ನೊಂದು ಎಷ್ಟು ಹೋಲುತ್ತವೆ ಅನ್ನುವ ಅಳತೆ, 0.8 ಇದೆ ಅನ್ನೋಣ. 1.8ನ್ನು 0.2ರಿಂದ ಭಾಗಿಸಿದರೆ 9. ಆ 9ರಿಂದ 300ನ್ನು ಭಾಗಿಸಬೇಕು, ಏಕೆಂದರೆ ನಿಜವಾಗಿ ಕೆಲಸಕ್ಕೆ ಬರುವ ಪದರಗಳು ಅಷ್ಟೇ, ಸುಮಾರು 33. ಅದರ ವರ್ಗಮೂಲ 5.8. ಸಿಗುವುದು 17 ಅಲ್ಲ, 6ರ ಹತ್ತಿರ.

ಹಾಗಾದರೆ ಸ್ಟಾಕರ್ ವೇಗ ಎರಡರಷ್ಟು ಮಾಡಿ 600 ಪದರ ಹಾಕೋಣವೇ? ಪದರಗಳ ನಡುವಿನ ಸಮಯ ಅರ್ಧವಾಗುತ್ತದೆ, ಅವು ಇನ್ನೂ ಹೆಚ್ಚು ಒಂದೇ ಥರ ಆಗುತ್ತವೆ. ಸಹಸಂಬಂಧ 0.8 ಇದ್ದದ್ದು ಅದರ ವರ್ಗಮೂಲವಾದ 0.89ಕ್ಕೆ ಏರುತ್ತದೆ. ಲೆಕ್ಕ ಮಾಡಿ ನೋಡಿ, ಕೆಲಸಕ್ಕೆ ಬರುವ ಪದರ ಮತ್ತೆ 33ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಮೋಟರ್ ದೊಡ್ಡದಾಯಿತು, ಚಕ್ರ ಸವೆಯಿತು, ಮಿಶ್ರಣ ಇದ್ದಲ್ಲೇ ಇದೆ. ಇವತ್ತಿನ ಮಾತಿನಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ: ಮಿಶ್ರಣದ ಗುಣ ನಿರ್ಧಾರವಾಗುವುದು ರಾಶಿ ಎಷ್ಟು ಗಂಟೆಗಳ ಕಲ್ಲನ್ನು ತನ್ನೊಳಗೆ ಹಿಡಿಯುತ್ತದೆ, ಆ ಗಂಟೆಗಳಲ್ಲಿ ಎಷ್ಟು ಬೇರೆ ಬೇರೆ ಕಲ್ಲು ಬಂತು ಅನ್ನುವುದರಿಂದ. ಪದರಗಳ ಎಣಿಕೆ ಒಂದು ಮಿತಿ ದಾಟಿದ ಮೇಲೆ ಏನನ್ನೂ ಕೊಡುವುದಿಲ್ಲ.

ಹಾಗಾಗಿ ಸುಧಾರಣೆ ಶುರುವಾಗಬೇಕಾದ್ದು ಗಣಿಯಲ್ಲಿ. ಭೀಮಾ ತೀರದ ಸುಣ್ಣದಕಲ್ಲು ಶಹಾಬಾದ್ ಚಪ್ಪಡಿಯ ಹಾಗೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರುತ್ತದೆ. ಮೇಲಿನ ಬೆಂಚಿನ (ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದ) ಕಲ್ಲು ಒಂದು ಥರ, ಕೆಳಗಿನದು ಇನ್ನೊಂದು ಥರ, ಬಿರುಕುಗಳಲ್ಲಿ ಜೇಡಿಮಣ್ಣು. ಬೆಳಗಿನ ಪಾಳಿಗೆ ಮೇಲಿನ ಬೆಂಚು, ಮಧ್ಯಾಹ್ನದ ಪಾಳಿಗೆ ಕೆಳಗಿನದು ಎಂದು ಮಾಡಿದರೆ ಏರಿಳಿತದ ಅವಧಿ 16 ಗಂಟೆ ಆಗುತ್ತದೆ. ನಮ್ಮ ಉದಾಹರಣೆಯ ರಾಶಿ ತುಂಬಲು 42 ಗಂಟೆ, ಅಂದರೆ ಅದರೊಳಗೆ ಎರಡೂವರೆ ಸುತ್ತು ಮಾತ್ರ. ಅದೇ ಎರಡೂ ಬೆಂಚುಗಳಿಂದ ಒಂದೊಂದು ಡಂಪರ್‌ನಂತೆ ಸರದಿಯಲ್ಲಿ ಕ್ರಷರ್‌ಗೆ ಸುರಿಸಿದರೆ ಏರಿಳಿತ ನಿಮಿಷಗಳ ಮಟ್ಟಕ್ಕೆ ಇಳಿಯುತ್ತದೆ, ರಾಶಿ ಅದನ್ನು ಪೂರ್ತಿ ನುಂಗಿಬಿಡುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಡಂಪರ್‌ಗಳ ಸುತ್ತು ಮತ್ತು ಸ್ಟಾಕರ್‌ನ ಹೋಗಿಬರುವ ಸುತ್ತು ಎರಡೂ 15 ನಿಮಿಷವೇ ಆಗಿಬಿಟ್ಟರೆ, ಒಳ್ಳೆಯ ಕಲ್ಲು ಪ್ರತಿ ಸಲ ರಾಶಿಯ ಒಂದೇ ಜಾಗಕ್ಕೆ ಬೀಳುತ್ತದೆ. ರಾಶಿಯ ಒಟ್ಟು ಸರಾಸರಿ ಸರಿಯಾಗಿಯೇ ಕಾಣುತ್ತದೆ, ಕೊಯ್ಯುವಾಗ ಮಾತ್ರ ಒಂದು ತುದಿಯಲ್ಲಿ ಸುಣ್ಣ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಓಟದ ಉದ್ದ ಅಥವಾ ವೇಗವನ್ನು ಸ್ವಲ್ಪ ಬದಲಿಸಿದರೆ ಈ ತಾಳ ಮುರಿಯುತ್ತದೆ.

ಸ್ಟಾಕರ್ ವೇಗದ ಬಗ್ಗೆ ಕಂಟ್ರೋಲ್ ಕೆಲಸದವರು ಇಲ್ಲಿ ಗಮನ ಕೊಡಬೇಕು. ಬೆಲ್ಟ್ ಓಡುವ ದಿಕ್ಕಿನಲ್ಲೇ ಸ್ಟಾಕರ್ ಹೋಗುವಾಗ ಅದು ಕಲ್ಲಿನಿಂದ ದೂರ ಓಡುತ್ತಿರುತ್ತದೆ, ಕೆಳಗೆ ಬೀಳುವುದು ಕಡಿಮೆ. ಎದುರು ಬರುವಾಗ ಕಲ್ಲಿಗೆ ಎದುರಾಗುತ್ತದೆ, ಬೀಳುವುದು ಹೆಚ್ಚು. ಬೆಲ್ಟ್ ವೇಗ ಸೆಕೆಂಡಿಗೆ 2 ಮೀಟರ್, ಅಂದರೆ ನಿಮಿಷಕ್ಕೆ 120. ಸ್ಟಾಕರ್ ಎರಡೂ ಕಡೆ 20ರಲ್ಲೇ ಓಡಿದರೆ ಒಂದು ಪದರ 100ರ ಲೆಕ್ಕದಲ್ಲಿ, ಮತ್ತೊಂದು 140ರ ಲೆಕ್ಕದಲ್ಲಿ ಬೀಳುತ್ತದೆ. ಪದರದ ದಪ್ಪ ಒಂದೇ ಆಗಬೇಕಾದರೆ ಬೆಲ್ಟಿನ ಜೊತೆ 20, ಬೆಲ್ಟಿಗೆ ಎದುರು 30 ಇಡಬೇಕು. 120ರಿಂದ 20 ಕಳೆದು 20ರಿಂದ ಭಾಗಿಸಿ, 5. 120ಕ್ಕೆ 30 ಕೂಡಿಸಿ 30ರಿಂದ ಭಾಗಿಸಿ, ಅದೂ 5. ಎರಡು ದಿಕ್ಕಿಗೆ ಎರಡು ವೇಗ ಅನ್ನುವುದನ್ನು ವಿನ್ಯಾಸದಲ್ಲೇ ಸೇರಿಸಬೇಕು. ಬೆಲ್ಟಿನ ಮೇಲಿನ ತೂಕ ಏರಿಳಿಯುತ್ತಿದ್ದರೆ ಅದನ್ನು ತೂಗುವ ಉಪಕರಣದ ಸಿಗ್ನಲ್ ನೋಡಿ ಸ್ಟಾಕರ್ ವೇಗವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಕ್ರಷರ್ ಖಾಲಿ ಇದ್ದಾಗ ಸ್ಟಾಕರ್ ಸುಮ್ಮನೆ ಓಡುತ್ತಿದ್ದರೆ ಆ ಪದರ ಕಾಗದದಲ್ಲಿ ಮಾತ್ರ ಇರುತ್ತದೆ.

ತುದಿಗಳು ದೊಡ್ಡ ತಲೆನೋವು. ರಾಶಿಯ ಎರಡೂ ತುದಿಯಲ್ಲಿ ಅರ್ಧರ್ಧ ಶಂಕು ಇರುತ್ತದೆ. ಎರಡೂ ಸೇರಿ ನಮ್ಮ ಉದಾಹರಣೆಯಲ್ಲಿ 2,660 ಘನ ಮೀಟರ್, ಹತ್ತಿರ ಹತ್ತಿರ 4,000 ಟನ್, ಇಡೀ ರಾಶಿಯ ಹತ್ತರಲ್ಲಿ ಒಂದು ಪಾಲು. ಇಲ್ಲಿ ಮಿಶ್ರಣ ಕೆಡುವುದಕ್ಕೆ ಎರಡು ಕಾರಣ. ನಡುಭಾಗದಲ್ಲಿ ಪ್ರತಿ ಏಳೂವರೆ ನಿಮಿಷಕ್ಕೆ ಒಂದು ಪದರ ಸಮನಾಗಿ ಬೀಳುತ್ತದೆ. ತುದಿಯಲ್ಲಿ ಹೋದ ಪದರ, ತಿರುಗಿ ಬಂದ ಪದರ ಎರಡೂ ಬೆನ್ನುಬೆನ್ನಿಗೆ ಬೀಳುತ್ತವೆ, ಆಮೇಲೆ 15 ನಿಮಿಷ ಏನೂ ಇಲ್ಲ. ಆ ಎರಡು ಪದರ ಒಂದೇ ಕಲ್ಲು, ಎಣಿಕೆಗೆ ಎರಡು ಅಷ್ಟೇ. ಮತ್ತೊಂದು, ಸ್ಟಾಕರ್ ನಿಂತು ತಿರುಗುವ ಕ್ಷಣಗಳಲ್ಲೂ ಬೆಲ್ಟ್ ಸುರಿಯುತ್ತಲೇ ಇರುತ್ತದೆ, ದಪ್ಪ ಕಲ್ಲು ಶಂಕುವಿನ ಸುತ್ತ ಉರುಳಿ ಬುಡಕ್ಕೆ ಸೇರುತ್ತದೆ. ತಿರುಗುವ ಜಾಗವನ್ನು ಪ್ರತಿ ಸಲ ಒಂದೆರಡು ಮೀಟರ್ ಹಿಂದೆ ಮುಂದೆ ಮಾಡುವುದು ಸುಲಭದ ಪರಿಹಾರ. ತಿರುಗುವಾಗ ವೇಗ ಇಳಿಸುವ, ಏರಿಸುವ ಸಮಯವನ್ನು ಆದಷ್ಟು ಕಡಿಮೆ ಇಡಬೇಕು. ಕೊಯ್ಯುವಾಗ ಮೊದಲ ಹಾಗೂ ಕೊನೆಯ ಭಾಗವನ್ನು ಸಾಧ್ಯವಿದ್ದರೆ ಮುಂದಿನ ರಾಶಿಗೆ ವಾಪಸ್ ಕಳಿಸಬೇಕು. ಅದಕ್ಕೆ ಬೆಲ್ಟ್ ವ್ಯವಸ್ಥೆ ಇಲ್ಲದಿದ್ದರೆ ಆ ಗಂಟೆಗಳಲ್ಲಿ ಪ್ರಯೋಗಾಲಯದವರು ಸ್ಯಾಂಪಲ್ ತೆಗೆಯುವುದನ್ನು ಹೆಚ್ಚಿಸಿ, ಮಿಲ್ ಫೀಡರ್‌ಗಳನ್ನು ಬೇಗ ಬೇಗ ತಿದ್ದಬೇಕು.

ದಪ್ಪ ಕಲ್ಲು ಉರುಳುವ ವಿಷಯ ತುದಿಗೆ ಮಾತ್ರ ಸೀಮಿತವಲ್ಲ. ಶೆವ್ರಾನ್ ರಾಶಿಯ ಯಾವ ಅಡ್ಡಕೊಯ್ತ ನೋಡಿದರೂ ನಡುವೆ ಪುಡಿ, ಎರಡು ಬುಡಗಳಲ್ಲಿ ದಪ್ಪ. ಜೇಡಿ ಬೆರೆತ ಕಲ್ಲಿನಲ್ಲಿ ಪುಡಿಯಲ್ಲಿ ಸುಣ್ಣ ಕಡಿಮೆ ಇರುತ್ತದೆ, ಹಾಗಾಗಿ ಗಾತ್ರ ಬೇರೆಯಾದರೆ ರಸಾಯನವೂ ಬೇರೆಯಾಗುತ್ತದೆ. ಬೂಮ್ ತುದಿ ರಾಶಿಯ ನೆತ್ತಿಯಿಂದ ಅರ್ಧದಿಂದ ಒಂದು ಮೀಟರ್ ಮೇಲೆ ಮಾತ್ರ ಇರುವಂತೆ ಲೆವೆಲ್ ಸೆನ್ಸರ್ ಇಡಿ. ಧೂಳೂ ಕಡಿಮೆ, ಉರುಳುವುದೂ ಕಡಿಮೆ. ಸೆನ್ಸರ್ ಕೆಟ್ಟಾಗ ಬೂಮನ್ನು ಮೇಲೆ ನಿಲ್ಲಿಸಿ ನಾಲ್ಕೈದು ಮೀಟರ್‌ನಿಂದ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ, ಅದನ್ನು ದಯವಿಟ್ಟು ಬಿಡಿ.

ಇನ್ನು ಕೊಯ್ಯುವ ಯಂತ್ರ. ಸಿಮೆಂಟ್ ಯಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರಿಡ್ಜ್ ಸ್ಕ್ರೇಪರ್. ರಾಶಿಯ ಅಗಲಕ್ಕೂ ಒಂದು ಸೇತುವೆ, ಅದರ ಬುಡದಲ್ಲಿ ಸ್ಕ್ರೇಪರ್ ಚೈನ್, ಮುಂದೆ ಇಳಿಜಾರಿಗೆ ಒರಗಿದ ಹಾರೋ, ಅಂದರೆ ಹಲ್ಲುಗಳಿರುವ ಚೌಕಟ್ಟು. ಹಾರೋದ ಹಲ್ಲುಗಳು ಮುಖವನ್ನು ಕೆದಕುತ್ತವೆ, ಎಲ್ಲ ಪದರದ ಕಲ್ಲೂ ಜಾರಿ ಚೈನಿಗೆ ಬೀಳುತ್ತದೆ. ಗಂಟೆಗೆ 500 ಟನ್ ತೆಗೆಯುವ ಯಂತ್ರ ನಮ್ಮ ರಾಶಿಯಲ್ಲಿ ಒಂದು ಮೀಟರ್ ಮುಂದೆ ಸರಿಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ 255 ಟನ್ನಿನಲ್ಲಿ ಎರಡು ದಿನ ಬಂದ ಕಲ್ಲೆಲ್ಲವೂ ಇರುತ್ತದೆ. ಯಂತ್ರದ ಸೊಗಸು ಇರುವುದೇ ಇಲ್ಲಿ.

ಕೆಡುವುದು ಹಾರೋದಲ್ಲಿ. ಅದರ ಓಲಾಟದ ದೂರ ಹಲ್ಲುಗಳ ನಡುವಿನ ಅಂತರಕ್ಕಿಂತ ಕಡಿಮೆಯಾದರೆ ಕೆದಕದ ಪಟ್ಟಿಗಳು ಉಳಿದು ಗಟ್ಟಿಯಾಗುತ್ತವೆ. ಸವೆದ ಹಲ್ಲುಗಳೂ ಇದೇ ಪರಿಣಾಮ ಕೊಡುತ್ತವೆ. ಹಾರೋ ಮೇಲ್ಭಾಗ ಮುಟ್ಟದಿದ್ದರೆ ಯಂತ್ರ ಬುಡವನ್ನಷ್ಟೇ ತಿನ್ನುತ್ತಾ ಹೋಗುತ್ತದೆ, ಮೇಲಿನದು ನೇತಾಡಿ ಒಂದು ಹೊತ್ತಿನಲ್ಲಿ ಧೊಪ್ಪನೆ ಕುಸಿಯುತ್ತದೆ. ಆಗ ಒಂದಿಷ್ಟು ಹೊತ್ತು ಮಿಲ್‌ಗೆ ಹೋಗುವುದು ಮೇಲಿನ ಪದರಗಳ ಕಲ್ಲು ಮಾತ್ರ, ಜೊತೆಗೆ ಚೈನ್ ಮೇಲೆ ಭಾರ ಬಿದ್ದು ಯಂತ್ರ ನಿಂತರೂ ನಿಂತೀತು. ಮಳೆಗಾಲದಲ್ಲಿ ಜೇಡಿ ಕಲ್ಲು ಒದ್ದೆಯಾದರೆ ನಿಲ್ಲುವ ಕೋನ ಏರುತ್ತದೆ, ಬೇಸಿಗೆಗೆ ಹೊಂದಿಸಿದ ಹಾರೋ ಕೋನ ಆಗ ಹೊಂದುವುದಿಲ್ಲ. ಜೂನ್ ಬರುವ ಮೊದಲೇ ಹಾರೋದ ರೋಪ್‌ಗಳನ್ನು ಪರೀಕ್ಷಿಸಿ, ಕೋನವನ್ನು ಮತ್ತೆ ಹೊಂದಿಸಿಕೊಳ್ಳಬೇಕು. ರಾಶಿಗೆ ಶೆಡ್ ಇದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ಅದಿರಿನ ಯಾರ್ಡ್‌ಗಳಲ್ಲಿ, ಬಂದರುಗಳಲ್ಲಿ ಕಾಣುವ ಬೂಮ್ ತುದಿಯ ಬಕೆಟ್ ವೀಲ್ (ಸುತ್ತ ಬಕೆಟ್‌ಗಳಿರುವ ಚಕ್ರ) ಒಂದು ಸಲಕ್ಕೆ ಒಂದು ಮೆಟ್ಟಿಲನ್ನಷ್ಟೇ ಕೊಯ್ಯುತ್ತದೆ. ವೇಗ ಹೆಚ್ಚು, ಮಿಶ್ರಣ ಕಡಿಮೆ. ಸೇತುವೆಯ ಮೇಲೆ ಆಚೀಚೆ ಓಡಾಡುವ ಬಕೆಟ್ ವೀಲ್ ಇಡೀ ಮುಖವನ್ನು ಕೊಯ್ಯುತ್ತದೆ. ಆದರೆ ಬುಡದ ದಪ್ಪ ಕಲ್ಲು, ನಡುವಿನ ಪುಡಿ, ಮತ್ತೆ ದಪ್ಪ ಎಂದು ಒಂದಾದ ಮೇಲೊಂದು ಬರುತ್ತದೆ. ಈ ಏರಿಳಿತದ ಅವಧಿ ಕೆಲವೇ ನಿಮಿಷ, ಮುಂದಿನ ಮಿಲ್ ಮತ್ತು ಸೈಲೊ ಅದನ್ನು ಸಮ ಮಾಡಿಬಿಡುತ್ತವೆ. ವಾರಗಟ್ಟಲೆಯ ಏರಿಳಿತಕ್ಕೆ ಗಣಿಯ ಯೋಜನೆ, ಗಂಟೆಗಳಿಂದ ದಿನಗಳ ಏರಿಳಿತಕ್ಕೆ ರಾಶಿ, ನಿಮಿಷಗಳದ್ದಕ್ಕೆ ಸೈಲೊ. ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಲು ಆಗುವುದಿಲ್ಲ.

ಅಳತೆಯ ಬಗ್ಗೆ ಒಂದು ಮಾತು. ಒಳಬರುವ ಕಲ್ಲಿನ ಮಾನಕ ವಿಚಲನೆ (ಏರಿಳಿತದ ಅಳತೆ) 4.0, ಹೊರಹೋಗುವುದರದ್ದು 0.9 ಬಂತು, ಅನುಪಾತ 4.4 ಆಯಿತು, ಯಂತ್ರ ಸರಿಯಿಲ್ಲ ಎಂದು ಜಗಳ ಶುರುವಾಗುತ್ತದೆ. ಸ್ಯಾಂಪಲ್ ತೆಗೆಯುವುದರಲ್ಲೂ ಪರೀಕ್ಷೆಯಲ್ಲೂ ಸೇರಿ 0.6ರಷ್ಟು ದೋಷ ಇದ್ದರೆ ಅದು ಎರಡೂ ಅಂಕಿಯಲ್ಲಿ ಅಡಗಿರುತ್ತದೆ. ವರ್ಗ ಮಾಡಿ ಕಳೆದರೆ ಒಳಬರುವುದು 3.95, ಹೊರಹೋಗುವುದು 0.67, ನಿಜವಾದ ಅನುಪಾತ 5.9. ದೋಷವನ್ನು ಮೊದಲು ಅಳೆಯಿರಿ, ಆಮೇಲೆ ಯಂತ್ರದ ಮೇಲೆ ತೀರ್ಪು ಕೊಡಿ. ಈಗ ಬೆಲ್ಟಿಗೇ ಅಳವಡಿಸುವ ಗಾಮಾ ನ್ಯೂಟ್ರಾನ್ ವಿಶ್ಲೇಷಕಗಳಿವೆ. ನಿಮಿಷ ನಿಮಿಷಕ್ಕೂ ರಾಶಿಯ ಸರಾಸರಿ ತಿಳಿಯುತ್ತದೆ, ಕೊನೆಯ ಕೆಲವು ಸಾವಿರ ಟನ್ನಿಗೆ ಯಾವ ಬೆಂಚಿನ ಕಲ್ಲು ಬೇಕು ಎಂದು ಗಣಿಗೆ ಹೇಳಬಹುದು. ಅದರಲ್ಲಿ ನ್ಯೂಟ್ರಾನ್ ಮೂಲವಾಗಿ ಬಳಸುವ ಕ್ಯಾಲಿಫೋರ್ನಿಯಂ-252ರ ಅರ್ಧಾಯುಷ್ಯ ಸುಮಾರು 2.6 ವರ್ಷ ಮಾತ್ರ. ಹೊಸ ಮೂಲದ ಖರ್ಚನ್ನು ಕೊಳ್ಳುವ ದಿನವೇ ಬಜೆಟ್‌ಗೆ ಸೇರಿಸಬೇಕು.

ಉಪನ್ಯಾಸದ ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ. ಉದ್ದದ ರಾಶಿಯೋ ವೃತ್ತಾಕಾರದ್ದೋ ಎಂದು ಒಬ್ಬರು ಕೇಳಿದರು. ವೃತ್ತದಲ್ಲಿ ಸ್ಟಾಕರ್ ಬೂಮ್ ಕಮಾನಿನಂತೆ ಆಚೀಚೆ ಬೀಸುತ್ತಾ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತದೆ. ತುದಿಗಳೇ ಇಲ್ಲ, ಜಾಗ ಕಡಿಮೆ ಸಾಕು, ಶೆಡ್ ಕಟ್ಟುವುದೂ ಸುಲಭ. ಆದರೆ ಮುಂದೆ ಉತ್ಪಾದನೆ ಹೆಚ್ಚಿಸಬೇಕಾದರೆ ರಾಶಿಯನ್ನು ಉದ್ದ ಮಾಡಲಾಗುವುದಿಲ್ಲ. ಇಡೀ ರಾಶಿಯ ಸರಾಸರಿಯನ್ನು ತಿದ್ದಿ ಮುಗಿಸುವ ಅವಕಾಶವೂ ಇಲ್ಲ, ಏಕೆಂದರೆ ಅದಕ್ಕೆ ಮುಗಿಯುವುದೆಂಬುದೇ ಇಲ್ಲ. ಗಣಿಯ ಕಲ್ಲು ಬಹಳ ಬದಲಾಗುವ ಕಡೆ ಉದ್ದದ ಎರಡು ರಾಶಿಗಳೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರದ್ದು ನಗರದ ಹೊರವಲಯದ ರೆಡಿಮಿಕ್ಸ್ ಘಟಕ. ಸ್ಟಾಕರ್ ಇಲ್ಲ, ಇರುವುದು ಒಂದು ಲೋಡರ್, ಎಂ-ಸ್ಯಾಂಡ್ ಮೂರು ಕ್ವಾರಿಯಿಂದ ಬರುತ್ತದೆ. ಇಲ್ಲೂ ಅದೇ ತತ್ವ ನಡೆಯುತ್ತದೆ. 30 ಮೀಟರ್ ಉದ್ದ, 10 ಮೀಟರ್ ಅಗಲದ ಕಾಂಕ್ರೀಟ್ ನೆಲ ಮಾಡಿ. ಟಿಪ್ಪರ್‌ಗಳು ಪಕ್ಕಪಕ್ಕ ಗುಡ್ಡೆ ಹಾಕಿದ್ದನ್ನು ಅಲ್ಲಲ್ಲೇ ಮಟ್ಟ ಮಾಡಿದರೆ ಏನೂ ಬೆರೆಯುವುದಿಲ್ಲ, ಪ್ರತಿ ಲೋಡನ್ನೂ ಉದ್ದಕ್ಕೆ ಎಳೆದು ಹರಡಬೇಕು. 30 ಸೆಂಟಿಮೀಟರ್ ದಪ್ಪದ ಒಂದು ಪದರ ಅಂದರೆ 90 ಘನ ಮೀಟರ್. ಕ್ವಾರಿ ಬದಲಿಸುತ್ತಾ ಹತ್ತು ಪದರ ಹಾಕಿದರೆ 3 ಮೀಟರ್ ಎತ್ತರ ಆಗುತ್ತದೆ, ಅಲ್ಲಿಗೆ ನಿಲ್ಲಿಸಿ. ತೆಗೆಯುವುದು ಕಿರುಬದಿಯ ಮುಖದಿಂದ ಮಾತ್ರ, ಬಕೆಟನ್ನು ಬುಡದಿಂದ ನೆತ್ತಿಯವರೆಗೆ ಎತ್ತುತ್ತಾ, ಮುಖದ ಅಗಲಕ್ಕೂ ಸರದಿಯಂತೆ. ಮುಖ ಲೋಡರ್ ಬಕೆಟ್ ಎಟುಕುವುದಕ್ಕಿಂತ ಎತ್ತರ ಇರಲೇಬಾರದು, ಬುಡ ಕೊರೆದರೆ ಮರಳು ಮನುಷ್ಯರ ಮೇಲೆ ಕುಸಿಯುತ್ತದೆ.

ಅವರಿಗೆ ಹೆಚ್ಚು ಕಾಡುವುದು ತೇವಾಂಶ. ಒಂದು ಘನ ಮೀಟರ್ ಕಾಂಕ್ರೀಟಿಗೆ 800 ಕಿಲೋ ಮರಳು ಹಾಕುವಾಗ ತೇವ ಶೇ. 4ರಿಂದ 7ಕ್ಕೆ ಏರಿದರೆ 24 ಲೀಟರ್ ನೀರು ಗೊತ್ತಿಲ್ಲದೆ ಒಳಗೆ ಹೋಗುತ್ತದೆ. ಸಿಮೆಂಟ್ 350 ಕಿಲೋ ಇದ್ದರೆ ನೀರು-ಸಿಮೆಂಟ್ ಅನುಪಾತ 0.07ರಷ್ಟು ಏರಿತು, ಮರಳಿನ ತೂಕವೂ ಅಷ್ಟು ಕಡಿಮೆ ಬಿತ್ತು. ತೊಳೆದ ಎಂ-ಸ್ಯಾಂಡನ್ನು ಕನಿಷ್ಠ ಒಂದು ದಿನ ಬಸಿಯಲು ಬಿಡಬೇಕು. ನೆಲಕ್ಕೆ ಇಳಿಜಾರು ಕೊಟ್ಟು ನೀರು ಲೋಡರ್ ಬರುವ ಮುಖದ ಕಡೆಗೆ ಹರಿಯದಂತೆ ನೋಡಿಕೊಳ್ಳಬೇಕು. ಬುಡದ 30 ಸೆಂಟಿಮೀಟರ್ ಯಾವಾಗಲೂ ಒದ್ದೆ, ಅದನ್ನು ನೇರ ಬಿನ್‌ಗೆ ಹಾಕದೆ ಹಾಗೇ ಬಿಟ್ಟು ಅದರ ಮೇಲೇ ಮುಂದಿನ ರಾಶಿಯನ್ನು ಶುರು ಮಾಡಿ.